ಬಲ್ಲವರು ಯಾಕೆ ಹೇಳುತ್ತಾರೆ?

(ಬೆಂಗಳೂರಿನ ಬಸವನಗುಡಿಯಲ್ಲಿ ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಧ್ವನಿಮುದ್ರಣದಿಂದ ಇಳಿಸಿಕೊಂಡು ತಿದ್ದಿದ್ದು.)

ತಾರಸಿ ತೋಟದವರ ಫೇಸ್‌ಬುಕ್ ಗುಂಪುಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ ಇದೆ. ಕುಂಡದಲ್ಲಿ ಬೆಳೆಸಿದ ಕರಿಬೇವಿನ ಗಿಡದ ಫೋಟೊ. ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು-ಬಿಳಿ ಬಣ್ಣದ ಏನೋ ಕೂತಿರುತ್ತದೆ. ‘ಇದೇನು? ಯಾವ ಔಷಧಿ ಹೊಡೆಯಬೇಕು?’ ಅಂತ ಕೇಳಿರುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಒಬ್ಬರು ಬರೆಯುತ್ತಾರೆ: ‘ಔಷಧಿ ಬೇಡ ಮೇಡಂ, ಅದು ಚಿಟ್ಟೆಯ ಹುಳು. ಬೆಳೆದ ಮೇಲೆ ಹಸಿರಾಗುತ್ತೆ. ಗಿಡ ಸಾಯಲ್ಲ, ಮತ್ತೆ ಚಿಗುರುತ್ತೆ.’ ಇನ್ನೊಬ್ಬರು, ‘ನಿಮ್ಮ ಹತ್ತಿರ ನಿಂಬೆ ಗಿಡ ಇದ್ದರೆ ಅದರ ಮೇಲೆ ಬಿಡಿ, ಎರಡೂ ಒಂದೇ ಕುಟುಂಬ, ಅದು ತಿನ್ನುತ್ತೆ’ ಅನ್ನುತ್ತಾರೆ. ಮೂರನೆಯವರು ತಮ್ಮ ಮನೆಯಲ್ಲಿ ಇದೇ ಹುಳು ಕೋಶ ಕಟ್ಟಿ, ಅದರಿಂದ ಚಿಟ್ಟೆ ಹೊರಬಂದ ತನಕದ ಫೋಟೊಗಳನ್ನು ಸಾಲಾಗಿ ಹಾಕುತ್ತಾರೆ.

ಕೇಳಿದವರು ಯಾರೋ, ಹೇಳಿದವರು ಯಾರೋ. ಒಬ್ಬರು ಯಲಹಂಕ, ಒಬ್ಬರು ಉತ್ತರಹಳ್ಳಿ. ಇವರಿಗೆ ಸಂಬಳ ಇಲ್ಲ. ನಾಳೆ ಎದುರಿಗೆ ಸಿಕ್ಕರೆ ಗುರುತೂ ಹತ್ತುವುದಿಲ್ಲ. ಹಾಗಿದ್ದೂ ಮಲಗುವ ಹೊತ್ತಿನಲ್ಲಿ ಕನ್ನಡಕ ಹಾಕಿಕೊಂಡು, ಫೋನಿನ ಸಣ್ಣ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಿ ಹುಡುಕಿ ಉತ್ತರ ಬರೆಯುತ್ತಾರೆ. ಯಾಕೆ? ಇವತ್ತು ನಾನು ಮಾತಾಡಬೇಕೆಂದಿರುವುದು ಈ ‘ಯಾಕೆ’ ಬಗ್ಗೆ. ಸಾಮಾಜಿಕ ಜಾಲತಾಣ ಅಂದ ಕೂಡಲೇ ಸುಳ್ಳು, ಜಗಳ, ಹೊತ್ತು ಹಾಳು ಅಂತ ನಾವೆಲ್ಲ ಮಾತು ಶುರು ಮಾಡುತ್ತೇವೆ. ಅದು ಇದೆ, ಅದಕ್ಕೂ ಬರುತ್ತೇನೆ. ಆದರೆ ಅಲ್ಲಿ ದಿನವೂ ನಡೆಯುವ ಈ ದೊಡ್ಡ ದಾನವನ್ನು ಗಮನಿಸದೆ ಇದ್ದರೆ ಅದಕ್ಕೆ ನೀರೆರೆಯುವುದು ಹೇಗೆ ಅನ್ನುವುದೂ ನಮಗೆ ತಿಳಿಯುವುದಿಲ್ಲ.

ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡೋಣ. ದುಡ್ಡು ಕೊಟ್ಟರೆ ಜನ ಹೆಚ್ಚು ಚೆನ್ನಾಗಿ ತಿಳಿವಳಿಕೆ ಹಂಚಿಕೊಳ್ಳುತ್ತಾರೆ ಅಂತ ಅನ್ನಿಸುವುದು ಸಹಜ. 2002ರಲ್ಲಿ ಗೂಗಲ್ ಕಂಪನಿ ಅಂಥದ್ದೊಂದು ಸೇವೆ ಶುರು ಮಾಡಿತು. ಪ್ರಶ್ನೆ ಕೇಳುವವರು 2 ಡಾಲರ್‌ನಿಂದ 200 ಡಾಲರ್‌ವರೆಗೆ ಬೆಲೆ ಇಡಬೇಕು, ಕಂಪನಿ ಆರಿಸಿದ ಸಂಶೋಧಕರು ಉತ್ತರ ಕೊಡಬೇಕು. ಉತ್ತರಗಳು ಒಳ್ಳೆಯವೇ ಇದ್ದವು. ಆದರೂ 2006ರ ಕೊನೆಗೆ ಅದು ಮುಚ್ಚಿತು. ಆ ಸೇವೆ ಶುರುವಾಗುವುದಕ್ಕಿಂತ ಒಂದು ವರ್ಷ ಮೊದಲು, 2001ರ ಜನವರಿಯಲ್ಲಿ, ಬರೆಯುವವರಿಗೆ ಒಂದು ಪೈಸೆ ಕೊಡದೆ ಶುರುವಾದ ವಿಕಿಪೀಡಿಯ ಇವತ್ತೂ ಇದೆ. ಕನ್ನಡದ ವಿಕಿಪೀಡಿಯ 2003ರಿಂದ ಇದೆ. ಅದರಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ.

ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ತುಂಡುಗಳನ್ನು ಜೋಡಿಸಿ ಆಕಾರ ಮಾಡುವ ಒಂದು ಒಗಟನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಬಿಡುವಿನ ಹೊತ್ತಿನಲ್ಲೂ ಹುಡುಗರು ತಾವಾಗಿಯೇ ಅದರ ಜತೆ ಆಡುತ್ತಿದ್ದರು. ಒಂದು ಗುಂಪಿಗೆ, ಬಿಡಿಸಿದ ಒಗಟಿಗೆ ಇಷ್ಟು ಅಂತ ದುಡ್ಡು ಕೊಟ್ಟು, ಆಮೇಲೆ ಅದನ್ನು ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪಿನವರು ಬಿಡುವಿನಲ್ಲಿ ಅದನ್ನು ಮುಟ್ಟುವುದು ಕಡಿಮೆಯಾಯಿತು. ದುಡ್ಡಿನಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಯೂಟ್ಯೂಬಿನಲ್ಲಿ ಅಡುಗೆ, ಹೊಲಿಗೆ ಕಲಿಸಿ ಮನೆ ನಡೆಸುತ್ತಿರುವ ಹೆಣ್ಣುಮಕ್ಕಳಿದ್ದಾರೆ, ಅವರ ದುಡಿಮೆಯ ಮೇಲೆ ನನಗೆ ಗೌರವವಿದೆ. ಕರಿಬೇವಿನ ಹುಳುವಿನ ಪ್ರಶ್ನೆಗೆ ಉತ್ತರ ಬರೆದವರನ್ನು ಎಬ್ಬಿಸಿದ್ದು ಮಾತ್ರ ದುಡ್ಡಲ್ಲ.

ಇದು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ ಗುಣವೂ ಅಲ್ಲ. ನಮ್ಮ ಬೆಂಗಳೂರಿನಲ್ಲೇ ನೋಡಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು. ಇಂಗ್ಲಿಷಿನಲ್ಲಿ ಪಾಠ ಮಾಡಿ ಮನೆಗೆ ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಕನ್ನಡದಲ್ಲಿ ವಿಜ್ಞಾನ ಓದುವವರು ಎಷ್ಟು ಜನ ಇದ್ದಾರು ಅನ್ನುವ ಕಾಲದಲ್ಲಿ ಆ ಕೆಲಸಕ್ಕೆ ಕೈ ಹಾಕಿದರು. ಪತ್ರಿಕೆ ಸುಮಾರು ಎರಡು ವರ್ಷ ನಡೆದು ನಿಂತಿತು.

ಅದರ ಪಕ್ಕದಲ್ಲಿ ‘ಅಡಿಕೆ ಪತ್ರಿಕೆ’ಯನ್ನು ಇಟ್ಟು ನೋಡಿ. ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ್ದು, ಈಗಲೂ ಇದೆ. ಅದನ್ನು ಕಟ್ಟಿದ ಶ್ರೀಪಡ್ರೆಯವರು ಮತ್ತು ಗೆಳೆಯರು ಕೃಷಿಕರ ಕೈಗೆ ಲೇಖನಿ ಕೊಡಬೇಕು ಅಂತ ಹೊರಟರು. ವಿಶ್ವವಿದ್ಯಾಲಯದವರು ಬರೆದು ರೈತರು ಓದುವುದನ್ನು ತಿರುಗಿಸಿದರು. ತೋಟದಲ್ಲಿ ಮಾಡಿ ನೋಡಿದವರೇ ಬರೆಯಬೇಕು. ಬರೆಯಲು ಬರುವುದಿಲ್ಲ ಅನ್ನುವವರಿಗೆ ಶಿಬಿರ ಮಾಡಿ ಕಲಿಸಿದರು. ಲೇಖನದ ಕೊನೆಯಲ್ಲಿ ಬರೆದವರ ಫೋನ್ ನಂಬರು ಹಾಕಿದರು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕಾಡುಹಂದಿ ತಡೆಯಲು ತಾನು ಮಾಡಿದ ಉಪಾಯವನ್ನು ಬರೆದ ಒಬ್ಬ ಕೃಷಿಕರಿಗೆ ಘಟ್ಟದ ಆಚೆಯಿಂದ ಫೋನ್ ಬರುತ್ತದೆ: ‘ನೀವು ಬರೆದ ಹಾಗೆ ಮಾಡಿದೆ, ನಮ್ಮಲ್ಲಿ ಅರ್ಧ ಕೆಲಸ ಮಾಡಿತು, ಇನ್ನರ್ಧಕ್ಕೆ ಏನು ಮಾಡಲಿ?’ ಆ ಫೋನು ಬಂದವನು ಬರೆಯುವುದನ್ನು ಬಿಡುತ್ತಾನೆಯೆ?

ಹಾಗೆಯೇ ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರುವಾದಾಗ ಅವರಿಗೆ ಎಪ್ಪತ್ತೆಂಟರ ಆಸುಪಾಸು. ನಿಘಂಟಿನ ಮಹಾ ಕೆಲಸ ಮಾಡಿ ಹೆಸರಾದವರು, ವಿಶ್ರಾಂತಿ ತೆಗೆದುಕೊಳ್ಳಬಹುದಿತ್ತು. ಊರೂರುಗಳಿಂದ ಓದುಗರು ಕಾರ್ಡು ಬರೆದು ಪದಗಳ ಬಗ್ಗೆ ಕೇಳುತ್ತಿದ್ದರು, ಇವರು ವರ್ಷಗಟ್ಟಲೆ ಉತ್ತರ ಕೊಟ್ಟರು. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ‘ನಮ್ಮ ತಂದೆ ಅವರಿಗೆ ಒಂದು ಪ್ರಶ್ನೆ ಕಳಿಸಿದ್ದರು’ ಅಂತ ನೆನೆದರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅದು ಪೂರಾ ಸಾಮಾಜಿಕ ಜಾಲವೇ. ಕೇಳುವವರು ಇದ್ದರು, ಉತ್ತರ ಎಲ್ಲರಿಗೂ ಕಾಣುತ್ತಿತ್ತು, ಒಪ್ಪದವರು ಮತ್ತೆ ಬರೆಯುತ್ತಿದ್ದರು.

ಈಗ ಇದರ ಬಗ್ಗೆ ಅಧ್ಯಯನ ಮಾಡಿದವರು ಏನು ಕಂಡರು ನೋಡೋಣ. ನನಗೆ ಬಹಳ ಹಿಡಿಸಿದ್ದು ಕರೀಂ ಲಖಾನಿ ಮತ್ತು ಎರಿಕ್ ಫಾನ್ ಹಿಪ್ಪೆಲ್ 2003ರಲ್ಲಿ ಪ್ರಕಟಿಸಿದ್ದು. ವೆಬ್‌ಸೈಟುಗಳನ್ನು ನಡೆಸುವ ಅಪಾಚೆ ಎಂಬ ಸರ್ವರ್ ತಂತ್ರಾಂಶ ಬಳಸುವವರು ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಸಹಾಯ ಮಾಡುತ್ತಿದ್ದರು. ಇಂಥ ಬೇಸರದ ಕೆಲಸವನ್ನು ಜನ ಯಾಕೆ ಮಾಡುತ್ತಾರೆ ಅಂತ ಇವರು ನೋಡಲು ಹೋದರು. ಉತ್ತರ ಕೊಡುವವರು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಬೇರೆಯವರ ಪ್ರಶ್ನೆ, ಬೇರೆಯವರ ಉತ್ತರ ಓದುವುದರಲ್ಲಿ, ಅಂದರೆ ತಾವು ಕಲಿಯುವುದರಲ್ಲಿ. ಅವರು ಹಾಕಿದ ಶ್ರಮದ ಶೇ 98ರಷ್ಟು ಅವರಿಗೇ ಕಲಿಕೆಯಾಗಿ ವಾಪಸ್ ಬರುತ್ತಿತ್ತು. ಓದುತ್ತಾ ಹೋಗುವಾಗ ತಮಗೆ ಮೊದಲೇ ಗೊತ್ತಿರುವ ಒಂದು ಪ್ರಶ್ನೆ ಎದುರಾದರೆ ಉತ್ತರ ಬರೆದು ಮುಂದೆ ಹೋಗುತ್ತಿದ್ದರು, ಕೆಲವೇ ನಿಮಿಷದ ಕೆಲಸ.

ಇಲ್ಲಿರುವ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಠ ಮಾಡಿದಾಗಲೇ ವಿಷಯ ನಮಗೆ ನಿಜವಾಗಿ ಅರ್ಥವಾಗುವುದು. ಕರಿಬೇವಿನ ಉತ್ತರ ಕೊಟ್ಟವರು ಅದೇ ಗುಂಪಿನಲ್ಲಿ ಗುಲಾಬಿ ಬಗ್ಗೆ ಪ್ರಶ್ನೆ ಕೇಳಿಯೇ ಇರುತ್ತಾರೆ.

ಇನ್ನೊಂದು ಅಧ್ಯಯನ 2005ರದ್ದು, ಮಾಲಿ ವಾಸ್ಕೊ ಮತ್ತು ಸಮರ್ ಫರಾಜ್ ಅವರದು. ಅಮೆರಿಕದ ವಕೀಲರ ಸಂಘವೊಂದರ ಸದಸ್ಯರು ಆನ್‌ಲೈನ್‌ನಲ್ಲಿ ಪರಸ್ಪರ ಸಲಹೆ ಕೊಡುವುದನ್ನು ಅವರು ನೋಡಿದರು. ವಕೀಲರಿಗೆ ಸಲಹೆಯೇ ಸರಕು, ಅದನ್ನೇ ಪುಕ್ಕಟೆ ಕೊಡುತ್ತಿದ್ದಾರೆ. ತನ್ನ ವೃತ್ತಿಯಲ್ಲಿ ಹೆಸರು ಬರುತ್ತದೆ ಅನ್ನಿಸಿದವರು, ಹೇಳಲು ಅನುಭವ ಇದ್ದವರು, ಆ ಜಾಲದಲ್ಲಿ ಹಲವರ ಜತೆ ಒಡನಾಟ ಇದ್ದವರು ಹೆಚ್ಚು ಕೊಡುತ್ತಿದ್ದರು. ಆದರೆ ನಾನು ಕೊಟ್ಟರೆ ನನಗೂ ಒಂದು ದಿನ ಸಿಗುತ್ತದೆ ಅನ್ನುವ ಲೆಕ್ಕಾಚಾರಕ್ಕೂ ಅವರ ಕೊಡುಗೆಗೂ ಅಂಥ ಸಂಬಂಧ ಕಾಣಲಿಲ್ಲ.

ಹೆಸರಿನ ಆಸೆ ಅಂದ ತಕ್ಷಣ ನಮ್ಮಲ್ಲಿ ಮುಖ ಕಿವುಚುವವರಿದ್ದಾರೆ. ‘ಅವರಿಗೆ ಪ್ರಚಾರದ ಹುಚ್ಚು’ ಅನ್ನುತ್ತೇವೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ತನ್ನನ್ನು ವಿಷಯ ತಿಳಿದವನು ಅಂತ ನಾಲ್ಕು ಜನ ಗುರುತಿಸಲಿ ಅನ್ನುವುದು ಬಹಳ ನ್ಯಾಯವಾದ ಆಸೆ. ಹೆಸರಿನ ಜತೆಗೇ ಹೊಣೆ ಬರುತ್ತದೆ. ತನ್ನ ಹೆಸರು ಹಾಕಿ ‘ಬೇವಿನೆಣ್ಣೆ ಇಷ್ಟು ಹಾಕಿ’ ಅಂತ ಬರೆದವರು ಗಿಡ ಸುಟ್ಟುಹೋದರೆ ಉತ್ತರ ಹೇಳಬೇಕಾಗುತ್ತದೆ. ಆ ಭಯದಿಂದಲೇ ಅಳತೆ ಸರಿಯಾಗಿ ಬರೆಯುತ್ತಾರೆ. ಹೆಸರಿನ ಆಸೆ ಇಲ್ಲದ ಕಡೆ ಏನಾಗುತ್ತದೆ ಅನ್ನುವುದನ್ನು ಇನ್ನು ಸ್ವಲ್ಪ ಹೊತ್ತಿಗೆ ನೋಡುತ್ತೇವೆ.

ಅದಕ್ಕೂ ಮೊದಲು ಇನ್ನೆರಡು ವಿಷಯ. 2005ರ ಅಕ್ಟೋಬರ್‌ನಲ್ಲಿ ಚೀನಾ ಸರಕಾರ ತನ್ನ ದೇಶದೊಳಗೆ ಚೀನೀ ಭಾಷೆಯ ವಿಕಿಪೀಡಿಯವನ್ನು ತಡೆಹಿಡಿಯಿತು. ತೈವಾನ್, ಹಾಂಗ್‌ಕಾಂಗ್, ಸಿಂಗಪುರದಲ್ಲಿ ಕೂತು ಬರೆಯುತ್ತಿದ್ದವರಿಗೆ ತಡೆ ಇರಲಿಲ್ಲ. ಅವರ ಕಂಪ್ಯೂಟರು, ಅವರ ಸಮಯ, ಅವರ ತಿಳಿವಳಿಕೆ ಎಲ್ಲ ಮೊದಲಿನ ಹಾಗೇ ಇತ್ತು. ಶಾವೊಚುವಾನ್ ಜಾಂಗ್ ಮತ್ತು ಫೆಂಗ್ ಝು ಎಂಬ ಸಂಶೋಧಕರು ಲೆಕ್ಕ ಹಾಕಿ ನೋಡಿದರು. ತಡೆ ಇಲ್ಲದ ಈ ಬರಹಗಾರರ ಕೊಡುಗೆಯೂ ಸರಾಸರಿ ಶೇ 42.8ರಷ್ಟು ಕುಸಿದಿತ್ತು. ಒಂದು ದೊಡ್ಡ ಓದುಗ ಸಮುದಾಯ ಇನ್ನು ಓದುವುದಿಲ್ಲ ಅಂತ ಗೊತ್ತಾದದ್ದೇ ಸಾಕಾಯಿತು.

ಎರಡನೆಯದು 2012ರದ್ದು. ಮೈಕೆಲ್ ರೆಸ್ಟಿವೊ, ಆರ್ನೌಟ್ ಫಾನ್ ಡೆ ರೈಟ್ ಎಂಬಿಬ್ಬರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಶೇ 1ರಷ್ಟು ಸಂಪಾದಕರಿಂದ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಅರ್ಧ ಜನರ ಪುಟದಲ್ಲಿ ಒಂದು ನಕ್ಷತ್ರದ ಚಿತ್ರ ಅಂಟಿಸಿ, ನಿಮ್ಮ ಕೆಲಸ ನೋಡಿದೆವು, ಧನ್ಯವಾದ ಅಂತ ಬರೆದರು. ಉಳಿದರ್ಧಕ್ಕೆ ಏನೂ ಬರೆಯಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಆ ನಕ್ಷತ್ರ ಸಿಕ್ಕವರ ಕೆಲಸ ಶೇ 60ರಷ್ಟು ಹೆಚ್ಚಿತ್ತು. ಒಂದು ಚಿತ್ರ, ಒಂದು ಸಾಲು. ಅಷ್ಟು ಸಾಕಾಯಿತು.

ಇವೆಲ್ಲವನ್ನೂ ಓದಿ, ನಾನೇ ಇರುವ ಗುಂಪುಗಳನ್ನು ನೋಡಿ, ನಾನು ಬಂದು ನಿಂತಿರುವ ಜಾಗ ಇದು: ಬಲ್ಲವರು ಹೇಳುವುದು, ಹೇಳಿದ್ದು ಯಾರಿಗೋ ಮುಟ್ಟಿತು ಅಂತ ತಿಳಿದಾಗ. ಲೈಕ್ ಒತ್ತಿದ್ದು ಮುಟ್ಟಿದ ಲೆಕ್ಕ ಆಗುವುದಿಲ್ಲ. ಬೆರಳು ಓಡಿಸುತ್ತಾ ಹೋಗುವಾಗ ಒತ್ತಿದ್ದು ಅದು. ‘ನೀವು ಹೇಳಿದ ಹಾಗೆ ಮಾಡಿದೆ, ಹೀಗಾಯಿತು’ ಅಂತ ಕೇಳಿದವರು ತಿರುಗಿ ಬಂದು ಹೇಳುವುದಿದೆಯಲ್ಲ, ಅದು ಮುಟ್ಟಿದ ಲೆಕ್ಕ. ಅಡಿಕೆ ಪತ್ರಿಕೆಗೆ ಬರೆದ ಕೃಷಿಕನಿಗೆ ಸಿಕ್ಕಿದ್ದು ಅದು. ವೆಂಕಟಸುಬ್ಬಯ್ಯನವರಿಗೆ ಬಂದ ಎರಡನೆಯ ಕಾರ್ಡು ಅದು. ಇವತ್ತಿನ ಜಾಲತಾಣಗಳು ಎಷ್ಟು ಜನ ನೋಡಿದರು, ಎಷ್ಟು ಜನ ಮುಂದೆ ಕಳಿಸಿದರು ಅನ್ನುವುದನ್ನು ದೊಡ್ಡದಾಗಿ ತೋರಿಸುತ್ತವೆ, ಎಷ್ಟು ಜನಕ್ಕೆ ಕೆಲಸಕ್ಕೆ ಬಂತು ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ನಿಧಾನಕ್ಕೆ ಬಲ್ಲವರು ಮೌನವಾಗುತ್ತಾರೆ, ಹರಡುವುದು ಹೇಗೆ ಅಂತ ಬಲ್ಲವರು ಉಳಿಯುತ್ತಾರೆ.

ಈಗ ಸುಳ್ಳು ಹರಡುವ ಆ ಇನ್ನೊಂದು ಮುಖಕ್ಕೆ ಬರುತ್ತೇನೆ. ನಮ್ಮ ಊರು ಇದನ್ನು ಎರಡು ಸಲ ಬಹಳ ಕೆಟ್ಟದಾಗಿ ಕಂಡಿದೆ. 2012ರ ಆಗಸ್ಟ್. ಅಸ್ಸಾಮಿನಲ್ಲಿ ಗಲಭೆಯಾಗಿತ್ತು. ಈಶಾನ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿಯಾಗುತ್ತದೆ ಅಂತ ಎಸ್ಸೆಮ್ಮೆಸ್ಸು, ಫೇಸ್‌ಬುಕ್ಕುಗಳಲ್ಲಿ ಸುದ್ದಿ ಹರಡಿತು. ಸಾವಿರಾರು ಜನ, ಹೋಟೆಲಿನಲ್ಲಿ, ಸೆಕ್ಯುರಿಟಿಯಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುತ್ತಿದ್ದವರು, ಓದುತ್ತಿದ್ದ ಹುಡುಗ ಹುಡುಗಿಯರು, ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಸಿಟಿ ರೈಲ್ವೆ ಸ್ಟೇಷನ್‌ಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಟ್ಟಿಗೆ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್ಸೆಮ್ಮೆಸ್ ಕಳಿಸುವುದನ್ನು ಕೇಂದ್ರ ಸರಕಾರ ದೇಶದಾದ್ಯಂತ 15 ದಿನ ತಡೆಯಿತು.

2018ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಿಡಿಯೊಗಳು ಓಡಾಡಿದವು. ಇಲ್ಲಿಂದ ನಡೆದು ಹೋಗುವಷ್ಟು ದೂರದ ಚಾಮರಾಜಪೇಟೆ ಭಾಗದಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ಯುವಕನನ್ನು ಜನ ಕಟ್ಟಿಹಾಕಿ ಹೊಡೆದು ಕೊಂದರು. ಅವನ ತಪ್ಪು ಏನೂ ಇರಲಿಲ್ಲ. ಆ ವರ್ಷ ದೇಶದ ಬೇರೆ ಬೇರೆ ಕಡೆ ಇಂಥದ್ದೇ ಸಾವುಗಳಾದ ಮೇಲೆ, ಜುಲೈಯಲ್ಲಿ, ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು.

ನಾನು ಇದನ್ನು ಹೇಳುತ್ತಿರುವುದು ನಿಮ್ಮನ್ನು ಹೆದರಿಸಲು ಅಲ್ಲ. ಆ ವಿಡಿಯೊವನ್ನು ಮುಂದೆ ಕಳಿಸಿದವರು ಯಾರು ಅಂತ ಒಮ್ಮೆ ಯೋಚನೆ ಮಾಡಿ. ಬಹಳಷ್ಟು ಜನ ಅಮ್ಮಂದಿರು, ಅಜ್ಜಿಯರು, ಅಕ್ಕಪಕ್ಕದ ಮನೆಯವರು. ಅವರ ಮನಸ್ಸಿನಲ್ಲಿದ್ದದ್ದು ನಮ್ಮ ಮಕ್ಕಳು ಜೋಪಾನವಾಗಿರಲಿ ಅನ್ನುವ ಕಾಳಜಿ. ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಅನ್ನುವ ಅದೇ ಆಸೆಯೇ ಚಿಟ್ಟೆ ಹುಳುವಿನ ಉತ್ತರವನ್ನೂ ಬರೆಸಿದ್ದು, ಕೊಲೆಗೆ ದಾರಿಯಾದ ವಿಡಿಯೊವನ್ನೂ ಕಳಿಸಿದ್ದು. ಒಳ್ಳೆಯ ಮನಸ್ಸು ಇದ್ದರೆ ಸಾಕು ಅನ್ನುವವರು ಈ ಜಾಗದಲ್ಲಿ ನಿಲ್ಲಬೇಕು.

ಹಾಗಾದರೆ ವ್ಯತ್ಯಾಸ ಎಲ್ಲಿ? ಉತ್ತರ ಬರೆದವರು ತಾವು ಕಂಡಿದ್ದನ್ನು ಹೇಳಿದರು, ತಮ್ಮ ಹೆಸರಿನಲ್ಲಿ ಹೇಳಿದರು, ಕೇಳಿದವರು ಅಲ್ಲೇ ಇದ್ದರು. ವಿಡಿಯೊ ಕಳಿಸಿದವರು ಕಂಡಿದ್ದನ್ನು ಹೇಳಲಿಲ್ಲ, ಅವರ ಹೆಸರು ಅದಕ್ಕೆ ಅಂಟಿರಲಿಲ್ಲ, ಅದು ಎಲ್ಲಿಗೆ ಹೋಯಿತು ಅನ್ನುವುದು ಅವರಿಗೆ ತಿಳಿಯಲೇ ಇಲ್ಲ. ಸುಳ್ಳು ನಿಜಕ್ಕಿಂತ ದೂರ ಓಡುತ್ತದೆ ಅನ್ನುವುದಕ್ಕೆ ದೊಡ್ಡ ಲೆಕ್ಕವೇ ಇದೆ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೂವರು ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದರು. ಸುಳ್ಳು ಸುದ್ದಿಯನ್ನು ಮುಂದೆ ಕಳಿಸುವ ಸಾಧ್ಯತೆ ಶೇ 70ರಷ್ಟು ಹೆಚ್ಚಿತ್ತು. ಅದಕ್ಕೆ ಯಂತ್ರಗಳಿಗಿಂತ ಮನುಷ್ಯರೇ ಕಾರಣ ಅಂತಲೂ ತಿಳಿಯಿತು. ಹೊಸದು ಅನ್ನಿಸಿದ್ದನ್ನು ಮೊದಲು ಹೇಳಿದವರು ನಾವಾಗಬೇಕು ಅನ್ನುವ ಸೆಳೆತ ನಮ್ಮೆಲ್ಲರಲ್ಲೂ ಇದೆ.

ಇದರ ಎದುರಿಗೆ 2021ರ ಏಪ್ರಿಲ್-ಮೇ ತಿಂಗಳನ್ನು ಇಡುತ್ತೇನೆ. ಕೊರೊನಾದ ಎರಡನೇ ಅಲೆ. ನಗರದಲ್ಲಿ ದಿನಕ್ಕೆ 20 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ಬಂದ ದಿನಗಳಿದ್ದವು. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ. ಮೊದಮೊದಲು ‘ಇಲ್ಲಿ ಸಿಲಿಂಡರ್ ಸಿಗುತ್ತದೆ’ ಎಂಬ ಪಟ್ಟಿಗಳು ಎಲ್ಲ ಗುಂಪುಗಳಲ್ಲೂ ಸುತ್ತಿದವು. ಫೋನ್ ಮಾಡಿದರೆ ಹತ್ತರಲ್ಲಿ ಒಂಬತ್ತು ಎತ್ತುತ್ತಿರಲಿಲ್ಲ. ರೋಗಿಯ ಮನೆಯವರ ಅಮೂಲ್ಯವಾದ ಗಂಟೆಗಳು ಅದರಲ್ಲೇ ಹೋಗುತ್ತಿದ್ದವು. ಆಗ ಕೆಲವು ಹುಡುಗರು, ಕಾಲೇಜಿನವರು, ಕಂಪನಿಗಳಲ್ಲಿ ಕೆಲಸ ಮಾಡುವವರು, ಪಟ್ಟಿ ಹಿಡಿದು ಒಂದೊಂದಾಗಿ ಫೋನ್ ಮಾಡಿ, ಪಕ್ಕದಲ್ಲಿ ‘ಸಂಜೆ ನಾಲ್ಕು ಹತ್ತಕ್ಕೆ ಮಾತಾಡಿದೆವು, ಇದೆ’ ಅಂತ ಸಮಯ ಹಾಕಲು ಶುರು ಮಾಡಿದರು. ಖಾಲಿಯಾದದ್ದನ್ನು ಹೊಡೆದುಹಾಕಿದರು. ಅದೇ ಪಟ್ಟಿ, ಅದೇ ನಂಬರುಗಳು. ಸಮಯ ಬಂತು, ಕೇಳಿದವರ ಧ್ವನಿ ಬಂತು, ಆಗ ಅದು ಜೀವ ಉಳಿಸುವ ತಿಳಿವಳಿಕೆಯಾಯಿತು. ಆ ಹುಡುಗರಲ್ಲಿ ಕೆಲವರು ನನ್ನ ವಿದ್ಯಾರ್ಥಿಗಳು. ಅವರಿಗೆ ನಿದ್ದೆ ಇರಲಿಲ್ಲ. ‘ಬೆಡ್ ಸಿಕ್ಕಿತು’ ಅಂತ ಒಂದು ಸಂದೇಶ ಬಂದರೆ ಇನ್ನೊಂದು ರಾತ್ರಿ ಕೂರುತ್ತಿದ್ದರು. ಸಂದೇಶ ಬಾರದೆ ಹೋದರೆ ರೋಗಿ ಉಳಿದರೋ ಇಲ್ಲವೋ ತಿಳಿಯದ ಸಂಕಟ. ಅದನ್ನು ಅವರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಇಷ್ಟು ಹೊತ್ತು ಹೇಳುವವರ ಬಗ್ಗೆ ಮಾತಾಡಿದೆ. ಗೊತ್ತಿದ್ದೂ ಹೇಳದೆ ಇರುವವರೇ ಹೆಚ್ಚು. ಯಾವುದೇ ಗುಂಪು ತೆಗೆದುಕೊಳ್ಳಿ, ನೂರು ಜನರಲ್ಲಿ ಬರೆಯುವವರು ಬೆರಳೆಣಿಕೆ. ಉಳಿದವರಿಗೆ ಗೊತ್ತಿಲ್ಲ ಅಂತಲ್ಲ. ಒಂದು ದೊಡ್ಡ ಕಾರಣ ಅವಮಾನದ ಭಯ. ಕನ್ನಡದಲ್ಲಿ ಇದು ಬಹಳ ಇದೆ. ಒಬ್ಬ ಆಟೊ ಚಾಲಕರು ಹಳ್ಳ ಬಿದ್ದ ರಸ್ತೆಗೆ ಒಳ್ಳೆಯ ಬದಲಿ ದಾರಿ ಬರೆದರೆ, ಅದರ ಕೆಳಗೆ ಬಂದು ಕಾಗುಣಿತ ತಿದ್ದುವವರಿದ್ದಾರೆ. ಆತ ಮತ್ತೆ ಬರೆಯುವುದಿಲ್ಲ. ತಿದ್ದಿದವರಿಗೆ ಭಾಷೆ ಉಳಿಸಿದ ಸಮಾಧಾನ, ಭಾಷೆಗೆ ಒಬ್ಬ ಬರೆಯುವವನ ನಷ್ಟ. ದಯವಿಟ್ಟು ಅದನ್ನು ಮಾಡಬೇಡಿ. ವಾಯ್ಸ್ ಮೆಸೇಜ್ ಬಂದ ಮೇಲೆ ಈ ವಿಷಯದಲ್ಲಿ ಎಷ್ಟೋ ಬಿಡುಗಡೆ ಸಿಕ್ಕಿದೆ. ಬರೆಯಲು ಹಿಂಜರಿಯುವವರು ಮಾತಿನಲ್ಲಿ ಎಷ್ಟು ಚೆನ್ನಾಗಿ ವಿವರಿಸುತ್ತಾರೆ ಅಂತ ಕೇಳಿದ್ದೀರಾ? ಬೋರ್‌ವೆಲ್ ಮೋಟಾರು ರಿಪೇರಿಯವರ ಒಂದು ನಿಮಿಷದ ವಾಯ್ಸ್ ಮೆಸೇಜ್‌ನಲ್ಲಿ ಒಂದು ಅಧ್ಯಾಯದಷ್ಟು ವಿಷಯ ಇರುತ್ತದೆ. ಅದರ ಕಷ್ಟ ಏನೆಂದರೆ ಅದನ್ನು ಆಮೇಲೆ ಹುಡುಕಲಾಗುವುದಿಲ್ಲ.

ಹೆಂಗಸರ ಮಾತೂ ಇದೆ. 2011ರಲ್ಲಿ ವಿಕಿಪೀಡಿಯದವರೇ ತಮ್ಮ ಸಂಪಾದಕರ ಸಮೀಕ್ಷೆ ಮಾಡಿದಾಗ ಅವರಲ್ಲಿ ಹೆಂಗಸರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಬರೆದದ್ದನ್ನು ಅಳಿಸುತ್ತಾರೆ, ವಾದಕ್ಕೆ ಬರುತ್ತಾರೆ, ಆ ಜಗಳಕ್ಕೆ ಹೊತ್ತು ಯಾರಿಗಿದೆ? ಅದೇ ಹೆಂಗಸರು ತಾರಸಿ ತೋಟದ ಗುಂಪುಗಳಲ್ಲಿ, ಅಡುಗೆಯ ಗುಂಪುಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಜಾಗ ಬದಲಾದರೆ ಮನಸ್ಸು ಬಿಚ್ಚಿಕೊಳ್ಳುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ನೀರಿನ ಲೆಕ್ಕ ಚೆನ್ನಾಗಿ ಬಲ್ಲ ಒಬ್ಬ ಅಕ್ಕ ಇದ್ದಾರೆ. ಗುಂಪಿನಲ್ಲಿ ಒಂದು ಮಾತೂ ಬರೆಯುವುದಿಲ್ಲ, ಲಿಫ್ಟಿನ ಹತ್ತಿರ ಸಿಕ್ಕರೆ ಎಲ್ಲ ಹೇಳುತ್ತಾರೆ. ಗುಂಪಿನಲ್ಲಿ ಒಮ್ಮೆ ಯಾರೋ ಅವರ ಮಾತನ್ನು ತಳ್ಳಿಹಾಕಿದ್ದರು, ಅಷ್ಟೇ.

ಇನ್ನೊಂದು ಕಾರಣ, ಹೇಳಿದರೆ ನನ್ನ ಹೊಟ್ಟೆಪಾಡು ಹೋಗುತ್ತದೆ ಅನ್ನುವ ಭಯ. ಇದನ್ನು ಸ್ವಾರ್ಥ ಅನ್ನಬೇಡಿ. ಬಾವಿ ತೋಡುವವರನ್ನು ನೋಡಿ. ಬೆಂಗಳೂರಿನ ಸುತ್ತ ಮಣ್ಣು ವಡ್ಡರು ಎಂಬ ಸಮುದಾಯದವರು ತಲೆಮಾರುಗಳಿಂದ ಬಾವಿ ತೋಡಿದವರು. ಸರ್ಜಾಪುರ ರಸ್ತೆಯ ಕಡೆ ಭೋವಿಪಾಳ್ಯದಂಥ ಊರುಗಳಲ್ಲಿ ಅವರಿದ್ದಾರೆ. ಮಣ್ಣಿನ ಬಣ್ಣ ನೋಡಿ, ಹಿಡಿಯಲ್ಲಿ ಹಿಸುಕಿ, ಇಲ್ಲಿ ನೀರು ಇಂಗುತ್ತದೆ, ಇಲ್ಲಿ ಕುಸಿಯುತ್ತದೆ ಅಂತ ಹೇಳಬಲ್ಲವರು. ಬೋರ್‌ವೆಲ್ ಬಂದ ಮೇಲೆ ಅವರ ಕೆಲಸ ಸೊರಗಿತ್ತು. ಮಳೆನೀರನ್ನು ನೆಲದೊಳಕ್ಕೆ ಇಳಿಸುವ ಇಂಗುಬಾವಿಯ ಮಾತು ಬಂದ ಮೇಲೆ ಮತ್ತೆ ಕರೆ ಬರುತ್ತಿದೆ. ನೀರಿನ ಬಗ್ಗೆ ಈ ನಗರಕ್ಕೆ ಬಹಳ ಕಲಿಸಿದ ಎಸ್. ವಿಶ್ವನಾಥ್ ಅವರು, ಜಾಲತಾಣಗಳಲ್ಲಿ ‘ಝೆನ್ ರೈನ್‌ಮ್ಯಾನ್’ ಅಂತ ಹೆಸರಾದವರು, ಮಳೆಕೊಯ್ಲಿನ ವಿಡಿಯೊಗಳನ್ನು ವರ್ಷಗಟ್ಟಲೆ ಹಾಕುತ್ತಾ ಬಂದಿದ್ದಾರೆ, ಬಾವಿ ತೋಡುವವರನ್ನು ಜನರ ಕಣ್ಣಿಗೆ ತಂದವರಲ್ಲಿ ಅವರೂ ಒಬ್ಬರು. ಹೀಗೆ ಹೆಸರು, ನಂಬರು ಸಹಿತ ತಿಳಿವಳಿಕೆ ಹಂಚಿದರೆ ಬಲ್ಲವರಿಗೆ ಕೆಲಸವೂ ಸಿಗುತ್ತದೆ. ಅವರ ಕೈಚಳಕವನ್ನು ವಿಡಿಯೊ ಮಾಡಿ, ಅವರ ಹೆಸರೇ ಹಾಕದೆ, ‘ಬಾವಿ ತೋಡುವ ಸುಲಭ ವಿಧಾನ’ ಅಂತ ಹಾಕಿದರೆ ಅದು ದೋಚಿದ ಹಾಗೆ. ಮುಂದಿನ ಸಲ ಕ್ಯಾಮೆರಾ ಕಂಡರೆ ಅವರು ಬಾಯಿ ಮುಚ್ಚಿಕೊಂಡರೆ ತಪ್ಪು ಅವರದಲ್ಲ.

2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ನಗರದ ಸುಮಾರು 13,900 ಸರಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೊರಡಿಸಿತು. ಆಗ ಅಪಾರ್ಟ್‌ಮೆಂಟು, ಬಡಾವಣೆಗಳ ಗುಂಪುಗಳಲ್ಲಿ ನಡೆದದ್ದು ನಿಜವಾಗಿ ಒಂದು ವಿಶ್ವವಿದ್ಯಾಲಯದ ಕೆಲಸ. ನೀರು ಕಡಿಮೆ ಬೀಳಲೆಂದು ನಲ್ಲಿಯ ಬಾಯಿಗೆ ಹಾಕುವ ಏರೇಟರ್ ಯಾವುದು ಕೂರುತ್ತದೆ, ಹಳೆಯ ನಲ್ಲಿಯ ತಿರುಪಿನ ಸುತ್ತು ಬೇರೆ ಇದ್ದರೆ ಏನು ಮಾಡಬೇಕು, ಆರ್‌ಒ ಯಂತ್ರ ಹೊರಬಿಡುವ ನೀರನ್ನು ನೆಲ ಒರೆಸಲು ಹೇಗೆ ತಿರುಗಿಸಬೇಕು, ಇಂಗುಬಾವಿಗೆ ಮೂರಡಿ ಅಗಲ ಇಪ್ಪತ್ತಡಿ ಆಳ ಸಾಕೇ. ಯಾರೋ ಒಬ್ಬರು ಲೆಕ್ಕ ಹಾಕಿ ಬರೆದಿದ್ದರು: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30x40 ಸೈಟು ಅಂದರೆ ಸುಮಾರು 111 ಚದರ ಮೀಟರ್. ವರ್ಷಕ್ಕೆ 900 ಮಿಲಿಮೀಟರ್ ಅಂತ ಹಿಡಿದರೂ ಒಂದು ಲಕ್ಷ ಲೀಟರ್ ನೀರು ಆ ಸೈಟಿನ ಮೇಲೆ ಬೀಳುತ್ತದೆ. ಶಾಲೆಯ ಗಣಿತ. ಆದರೆ ಬೇಕಾದ ದಿನ, ಬೇಕಾದವರಿಗೆ, ಅವರ ಸೈಟಿನ ಅಳತೆಯಲ್ಲೇ ಹೇಳಿದ್ದು.

ಆ ತಿಳಿವಳಿಕೆ ಈಗ ಎಲ್ಲಿದೆ? ಫೋನುಗಳಲ್ಲಿ, ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿದೆ. ಫೋನ್ ಬದಲಾಯಿಸಿದವರು ಕಳೆದುಕೊಂಡಿದ್ದಾರೆ. ಹೊಸದಾಗಿ ಬಂದವರು ಮತ್ತೆ ಅದನ್ನೇ ಕೇಳುತ್ತಾರೆ. ‘ಮೇಲೆ ನೋಡಿ’ ಅಂತ ಬೈಸಿಕೊಳ್ಳುತ್ತಾರೆ. ಬೈಯುವ ಬದಲು ಇಬ್ಬರು ಕೂತು, ಯಾರು ಹೇಳಿದರು ಅನ್ನುವ ಹೆಸರು ಸಹಿತ, ಅದನ್ನು ಒಂದು ಕಡೆ ಬರೆದಿಟ್ಟರೆ ಎಷ್ಟು ಒಳ್ಳೆಯದು. ಇದು ಆಗದ ಕೆಲಸವಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು, ಒಂದೂವರೆ ಲಕ್ಷ ಪದಗಳು. ಅದನ್ನು ಅಂತರ್ಜಾಲಕ್ಕೆ ತಂದವರು ಬೆಂಗಳೂರಿನ ತಂತ್ರಜ್ಞ ಕೈಲಾಶ್ ನಾಥ್. ಬಲ್ಲವರೊಬ್ಬರು, ಅದನ್ನು ಹುಡುಕಲು ಸಿಗುವ ಹಾಗೆ ಮಾಡುವವರೊಬ್ಬರು. ಈ ಎರಡನೆಯ ಕೆಲಸಕ್ಕೆ ತಾಳ್ಮೆ ಇರುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ.

ಕೊನೆಯದಾಗಿ ಯಂತ್ರಗಳ ಮಾತು. ಪ್ರೋಗ್ರಾಂ ಬರೆಯುವವರು 2008ರಿಂದ ಸ್ಟಾಕ್ ಓವರ್‌ಫ್ಲೋ ಎಂಬ ತಾಣದಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ನಮ್ಮ ಊರಿನ ಸಾವಿರಾರು ಎಂಜಿನಿಯರುಗಳು ಕೆಲಸ ಕಲಿತಿದ್ದೇ ಅಲ್ಲಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿ ಕೇಳುವ ಪ್ರಶ್ನೆಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಯಂತ್ರ ಚೆನ್ನಾಗಿಯೇ ಉತ್ತರ ಕೊಡುತ್ತದೆ, ಬೈಯುವುದಿಲ್ಲ, ಕಾಗುಣಿತ ತಿದ್ದಿ ಅವಮಾನ ಮಾಡುವುದಿಲ್ಲ. ಅದನ್ನು ನಾನೂ ಬಳಸುತ್ತೇನೆ. ಆದರೆ ಅದು ಕಲಿತಿದ್ದು ಮನುಷ್ಯರು ಹೀಗೆ ಬರೆದಿಟ್ಟಿದ್ದರಿಂದ. ಎಲ್ಲರೂ ಅದನ್ನೇ ಕೇಳಿ ಸುಮ್ಮನಾದರೆ, ಬಲ್ಲವರ ಕಡೆಗೆ ‘ಹೀಗಾಯಿತು’ ಅನ್ನುವ ಮಾತು ತಿರುಗಿ ಹೋಗುವುದು ನಿಲ್ಲುತ್ತದೆ. ಅವರು ಹೊಸದನ್ನು ಬರೆಯುವುದೂ ನಿಲ್ಲುತ್ತದೆ. ಭೋವಿಪಾಳ್ಯದ ಮಣ್ಣಿನ ವಿಷಯ, ನಿಮ್ಮ ರಸ್ತೆಯಲ್ಲಿ ಎಷ್ಟಡಿಗೆ ಬಂಡೆ ಸಿಗುತ್ತದೆ ಅನ್ನುವ ವಿಷಯ ಯಾವ ಯಂತ್ರಕ್ಕೂ ತಾನಾಗಿ ತಿಳಿಯುವುದಿಲ್ಲ. ಕನ್ನಡದಲ್ಲಂತೂ ಅದನ್ನು ಯಾರಾದರೂ ಹೇಳಬೇಕು, ಯಾರಾದರೂ ಕೇಳಬೇಕು.

2024ರ ಬೇಸಿಗೆಯಲ್ಲಿ ನಿಮ್ಮ ಗುಂಪಿನಲ್ಲಿ ಏರೇಟರ್ ಬಗ್ಗೆಯೋ ಇಂಗುಬಾವಿಯ ಬಗ್ಗೆಯೋ ನಿಮಗೆ ಉತ್ತರ ಕೊಟ್ಟವರು ಯಾರು ಅಂತ ನೆನಪಿದ್ದರೆ, ಇವತ್ತು ಮನೆಗೆ ಹೋಗಿ ಅವರಿಗೆ ಬರೆಯಿರಿ. ನೀರಿನ ಬಿಲ್ ಎಷ್ಟು ಇಳಿಯಿತು, ಬಾವಿಯಲ್ಲಿ ಈಗ ನೀರು ಎಷ್ಟಡಿಗೆ ನಿಂತಿದೆ, ಅವರು ಹೇಳಿದ್ದರಲ್ಲಿ ಯಾವುದು ನಿಮ್ಮಲ್ಲಿ ಕೆಲಸ ಮಾಡಲಿಲ್ಲ, ಅದನ್ನೂ ಬರೆಯಿರಿ. ಗುಂಪಿನಲ್ಲೇ ಬರೆಯಿರಿ, ಎಲ್ಲರಿಗೂ ಕಾಣುವ ಹಾಗೆ.